ಅಕ್ಕನ ಮುಂಗೈಯ ದಾಕು

ಅಕ್ಕನ ಎಡ ಮುಂಗೈಯಲ್ಲಿ ಎರಡು ಕಲೆಗಳಿದ್ದವು. ಒಂದರ ಕೆಳಗೊಂದು, ನಾಲ್ಕಾಣೆಯಷ್ಟು ಅಗಲ, ಒಳಗೆಲ್ಲ ಸಣ್ಣ ಸಣ್ಣ ಕುಳಿ. ಅವಳು ಮಗುವಾಗಿದ್ದಾಗ ಸಿಡುಬು ಬರದಿರಲೆಂದು ಹಾಕಿಸಿದ ದಾಕು ಅದು. ನನ್ನ ಕೈಯಲ್ಲಿ ಅದಿಲ್ಲ. ನಾನು ಹುಟ್ಟುವ ಹೊತ್ತಿಗೆ ಸಿಡುಬೇ ಹೋಗಿತ್ತು, ದಾಕು ಹಾಕುವುದನ್ನೂ ನಿಲ್ಲಿಸಿದ್ದರು. ಚಿಕ್ಕವಳಿದ್ದಾಗ ಆ ಕುಳಿಗಳ ಮೇಲೆ ಬೆರಳಾಡಿಸುತ್ತಾ ನಿದ್ದೆ ಹೋಗುವುದು ನನ್ನ ಚಾಳಿ.

ಅಪ್ಪ ತೀರಿಕೊಂಡ ಮೇಲೆ ನಂಜನಗೂಡಿನ ನಮ್ಮ ಬಾಡಿಗೆ ಮನೆ ನಡೆದದ್ದು ಅಕ್ಕನಿಂದ. ತಾಂಡವಪುರದ ಹತ್ತಿರದ ನೂಲಿನ ಮಿಲ್ಲಿಗೆ ಬೆಳಗಿನ ಮೊದಲ ಬಸ್ಸಿಗೆ ಹೋಗುವಳು, ತಲೆಯಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡು ಬರುವಳು. ನನ್ನನ್ನು ಕಾಲೇಜಿನವರೆಗೆ ತಂದವಳೂ ಅವಳೇ. ಅವಳಿಗೆ ಇಪ್ಪತ್ತೆಂಟಾದಾಗ ಅಮ್ಮನಿಗೆ ಇದ್ದಕ್ಕಿದ್ದಂತೆ ಮದುವೆಯ ನೆನಪಾಯಿತು. ಜೊತೆಗೆ ಇಪ್ಪತ್ತೆಂಟು ಎಂದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ದಿಗಿಲು. ಕೇಳಿದವರಿಗೆಲ್ಲ ಇಪ್ಪತ್ತೊಂದು ಎನ್ನತೊಡಗಿದಳು. ಅಕ್ಕನ ಮೈ ಸಣ್ಣದು, ನಂಬುತ್ತಿದ್ದರು.

ಬಿಳಿಗೆರೆ ಕಡೆಯವರು ನೋಡಲು ಬಂದಾಗ ಅಕ್ಕ ಬಗ್ಗಿ ಕಾಫಿ ಕೊಟ್ಟಳು. ಗಂಡಿನ ಚಿಕ್ಕಮ್ಮ ಲೋಟ ತೆಗೆದುಕೊಳ್ಳದೆ ಅವಳ ಮುಂಗೈಯನ್ನೇ ನೋಡಿದಳು.

"ಇಪ್ಪತ್ತೊಂದು ಅಂದ್ರಲ್ಲ? ನನ್ ಮಗ್ಳಿಗೂ ಇಪ್ಪತ್ತೊಂದೇ. ಅವ್ಳ್ ಕೈಲಿ ದಾಕಿಲ್ವಲ್ಲ?"

ಬಂದವರು ಕಾಫಿ ಕುಡಿದು ಎದ್ದು ಹೋದರು, ಮತ್ತೆ ಸುದ್ದಿಯಿಲ್ಲ.

ಅಂದಿನಿಂದ ಅಮ್ಮ ಅಕ್ಕನ ಮುಖ ನೋಡುವುದನ್ನು ಬಿಟ್ಟು ಕೈ ನೋಡತೊಡಗಿದಳು. ಊಟಕ್ಕೆ ಕೂತಾಗ, ನೀರು ಸೇದುವಾಗ, ತಲೆ ಬಾಚುವಾಗ, ಅಮ್ಮನ ಕಣ್ಣು ಅಲ್ಲೇ. ನಿಂಬೆರಸ ತಿಕ್ಕಿದಳು, ಅರಿಶಿನ ಮೆತ್ತಿದಳು, ಮೆಡಿಕಲ್ ಸ್ಟೋರಿನಿಂದ ಯಾವುದೋ ಟ್ಯೂಬು ತಂದು ಹಚ್ಚಿದಳು. ಕಲೆ ಮಾಸುವುದಿರಲಿ, ಉಜ್ಜಿ ಉಜ್ಜಿ ಇನ್ನೂ ಮಿರುಗಿತು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ನನಗೆ ಒಳಗೊಳಗೇ ಅಳುಕು ಶುರುವಾಯಿತು.

ಆಗ ಬಂದಳು ಟಿ. ನರಸೀಪುರದ ಸೋದರತ್ತೆ. ಸೆರಗಿನ ತುದಿಯಲ್ಲಿ ನಾಲ್ಕು ಕರಿಗೇರಿನ ಕಾಯಿ ಗಂಟು ಕಟ್ಟಿಕೊಂಡು ಬಂದಿದ್ದಳು. ಬಟ್ಟೆ ಒಗೆಯುವವರು ಯಾರ ಬಟ್ಟೆ ಯಾವುದೆಂದು ತಿಳಿಯಲು ಅದರ ರಸದಿಂದ ಚುಕ್ಕೆ ಇಡುತ್ತಾರೆ. ಬಟ್ಟೆ ಹರಿದರೂ ಚುಕ್ಕೆ ಹೋಗದು. ಗುರುತು ಹಾಕುವ ಕಾಯಿಯಿಂದ ಗುರುತು ಅಳಿಸಲು ಹೊರಟ ಬುದ್ಧಿಗೆ ಏನು ಹೇಳಲಿ!

"ಮ್ಯಾಲಿನ ತೊಗ್ಲು ಎದ್ದೋಯ್ತದೆ ಅತ್ತಿಗೆ, ಒಸ ತೊಗ್ಲು ಬತ್ತದೆ. ದಾಕು ಇತ್ತು ಅಂತ್ಲೇ ಗೊತ್ತಾಗಾಕಿಲ್ಲ," ಎಂದಳು ಅತ್ತೆ.

"ಬ್ಯಾಡ ಕಣಕ್ಕ, ಸುಟ್ಟೋಯ್ತದೆ," ಎಂದೆ ನಾನು.

"ನೀನ್ ಸುಮ್ಕಿರು," ಎಂದಳು ಅಕ್ಕ. ಅವಳಿಗೂ ಮದುವೆಯ ಆಸೆಯಿತ್ತು. ಹಿತ್ತಿಲಲ್ಲಿ ನಲ್ಲಿ ಇರುವ ಮನೆ ಸಿಕ್ಕರೆ ಸಾಕು ಕಣೇ ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. ತಾನೇ ಕೈ ಚಾಚಿ ಕೂತಳು. ಅತ್ತೆ ಕಾಯಿಗೆ ಸೂಜಿ ಚುಚ್ಚಿ ದೀಪಕ್ಕೆ ಹಿಡಿದಳು. ಕಪ್ಪು ಎಣ್ಣೆ ಜಿನುಗಿತು. ಅದರ ವಾಸನೆ ಮನೆ ಬಿಟ್ಟು ಹೋಗಲು ಬಹಳ ದಿನ ಬೇಕಾಯಿತು.

ಮಾರನೆಯ ದಿನ ಮುಂಗೈ ಊದಿತು, ಬೊಬ್ಬೆ ಎದ್ದಿತು, ನೀರು ಸೋರಿತು. ಅಕ್ಕ ಹಳೆಯ ಪಂಚೆಯ ತುಂಡು ಸುತ್ತಿಕೊಂಡು ಮಿಲ್ಲಿಗೆ ಹೋದಳು. ಗಾಯ ಮಾಗಿ ಸಿಪ್ಪೆ ಬಿದ್ದಾಗ ಅಮ್ಮ ಬಟ್ಟೆ ಬಿಚ್ಚಿ ನೋಡಿ ಅಲ್ಲೇ ಕುಸಿದಳು. ಅಂಗೈಯಗಲ ಚರ್ಮ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನಡುವೆ ಆ ಎರಡು ಕುಳಿಗಳು ಇದ್ದ ಹಾಗೇ ಇದ್ದವು.

ಮೈಮೇಲೆ ಬಿಳಿ ಕಂಡರೆ ನಮ್ಮ ಕಡೆ ಜನ ಬಾಯಿಬಿಟ್ಟು ಕೇಳುವುದಿಲ್ಲ, ಹಿಂದೆ ಸರಿಯುತ್ತಾರೆ. ತೊನ್ನು ಎಂದು ಒಬ್ಬರು ಅಂದುಕೊಂಡರೆ ಸಾಕು, ಇನ್ನೊಬ್ಬರು ಅದಕ್ಕಿಂತ ದೊಡ್ಡ ರೋಗದ ಹೆಸರು ಹೇಳುತ್ತಾರೆ. ಪಕ್ಕದ ಮನೆಯಾಕೆ ಕುಂಕುಮದ ಬಟ್ಟಲನ್ನು ಅಕ್ಕನ ಕೈಯಿಂದ ಈಸಿಕೊಳ್ಳದೆ, "ಅಲ್ಲೇ ಮಡಗವ್ವ" ಎಂದಳು. ಅವಳ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂದಿತ್ತು ನನಗೆ. ಅಕ್ಕ ಬಟ್ಟಲನ್ನು ಜಗುಲಿಯ ಮೇಲಿಟ್ಟು ಒಳಗೆ ಬಂದಳು.

ಇಷ್ಟಾದರೂ ಅಮ್ಮ ಬಿಡಲಿಲ್ಲ. ಅತ್ತೆ ನರಸೀಪುರದಲ್ಲೇ ಒಂದು ಗಂಡು ಗೊತ್ತುಮಾಡಿದಳು. ನಂಜನಗೂಡಿನಲ್ಲಾದರೆ ನೆರೆಹೊರೆಯವರು ಬಾಯಿ ಬಿಟ್ಟಾರೆಂದು ಅತ್ತೆಯ ಮನೆಯಲ್ಲೇ ಹೆಣ್ಣು ತೋರಿಸುವುದೆಂದಾಯಿತು. ಅಕ್ಕನಿಗೆ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಹೊಲಿಸಿದರು. ಸುಡು ಬೇಸಿಗೆ. ಬಸ್ಸಿನುದ್ದಕ್ಕೂ ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು.

ಗಂಡಿನ ತಾಯಿ ಒಳ್ಳೆಯ ಮಾತಿನ ಹೆಂಗಸು. ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆನ್ನು ಸವರಿದಳು.

"ಈ ಬಿಸ್ಲಲ್ಲಿ ಉದ್ದ ತೋಳ್ಯಾಕವ್ವ? ವಸಿ ಮ್ಯಾಕೆ ಏರ್ಸು."

ಅಮ್ಮ ಏನೋ ಹೇಳಲು ಹೋದಳು. ಅಷ್ಟರಲ್ಲಿ ಆಕೆಯೇ ತೋಳು ಸರಿಸಿದ್ದಳು. ಬಿಳಿ ಕಂಡಿತು. ಬೆನ್ನು ಸವರುತ್ತಿದ್ದ ಕೈ ಹಿಂದೆ ಬಂತು.

"ಎಣ್ಣೆ ಸಿಡ್ದಿದ್ದು ಕಣ್ರವ್ವ," ಎಂದಳು ಅಮ್ಮ.

ಆಕೆ ತನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಡಿಸಿದಳು. "ಕಣ್ ಮುಚ್ಕವ್ವ," ಎಂದಳು. ಕುಷ್ಠದ ಮಚ್ಚೆಗೆ ನೋವು ತಿಳಿಯುವುದಿಲ್ಲವಂತೆ, ಅದಕ್ಕೆ ಪರೀಕ್ಷೆ. ಅಕ್ಕ ಕಣ್ಣು ಮುಚ್ಚಲಿಲ್ಲ. ಪಿನ್ನು ಇಳಿಯಿತು. ಬಿಳಿಯ ಮೇಲೆ ರಕ್ತದ ಹನಿ ಎದ್ದಿತು. ಅಕ್ಕ ಅಲುಗಲಿಲ್ಲ.

"ನೋವಾಯ್ತಾ?"

ಅಮ್ಮ ಅಕ್ಕನನ್ನೇ ನೋಡುತ್ತಿದ್ದಳು. ಹೂಂ ಎಂದಷ್ಟೇ ಹೇಳಿದರೆ ಆ ಬಿಳಿ ಏನೆಂಬ ಅನುಮಾನ ಉಳಿಯುತ್ತದೆ. ನಿಜ ಹೇಳಿದರೆ ವಯಸ್ಸು ಹೊರಬೀಳುತ್ತದೆ.

"ನೋವಾಯ್ತದೆ ಕಣ್ರವ್ವ," ಎಂದಳು ಅಕ್ಕ. "ರೋಗ ಅಲ್ಲ. ಸಿಡುಬಿನ ದಾಕು. ಕಾಣದಿರ್ಲಿ ಅಂತ ಕರಿಗೇರು ಅಚ್ಚಿದ್ವಿ, ಸುಟ್ಟೋಯ್ತು. ನಂಗೆ ಇಪ್ಪತ್ತೆಂಟು."

ಆಕೆ ಪಿನ್ನನ್ನು ಸೀರೆಗೆ ಒರೆಸಿ ಬಳೆಗೆ ಸಿಕ್ಕಿಸಿಕೊಂಡಳು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದಳು.

"ಇವ್ಳು ತಂಗೀನಾ? ಬಾವ್ವ ಇಲ್ಲಿ. ನಿನ್ ಕೈ ತೋರ್ಸು."

ಅಮ್ಮ ಬೇಡ ಎನ್ನಲಿಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಕ್ಕ ಎದ್ದು ಬಂದು ನನ್ನ ಮುಂದೆ ನಿಂತಳು.

"ಅವ್ಳು ಓದ್ತಾವ್ಳೆ. ಓದ್ಲಿ," ಎಂದಳು.

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಬಾಯಿಬಿಟ್ಟಳು. "ಏಳ್ ವರ್ಸ ಬಚ್ಚಿಟ್ಟಿದ್ರೆ ನಿನ್ ಗಂಟೇನ್ ಓಯ್ತಿತ್ತು?"

"ಎಲ್ ಬಚ್ಚಿಡ್ಲವ್ವ? ನಿಮ್ಗೋಸ್ಕರ ಮಿಲ್‌ನಾಗೆ ದುಡ್ದಿದ್ದು ಆ ಏಳ್ ವರ್ಸನೇ ಅಲ್ವಾ?"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬಸ್ಸು ಬಂತು, ಹತ್ತಿದೆವು. ಆಮೇಲೆ ಯಾರೂ ಅಕ್ಕನನ್ನು ನೋಡಲು ಬರಲಿಲ್ಲ.

ನನ್ನ ಮದುವೆಯಾಗಿ ಮಗಳಿಗೆ ಮೂರು ವರ್ಷವಾಗಿತ್ತು. ತವರಿಗೆ ಬಂದಿದ್ದ ಒಂದು ಭಾನುವಾರ ಅಕ್ಕ ಅವಳನ್ನು ಎತ್ತಿಕೊಂಡು ಹೋಗಿ ಪೋಲಿಯೊ ಹನಿ ಹಾಕಿಸಿಕೊಂಡು ಬಂದಳು. ಕಿರುಬೆರಳಿಗೆ ಶಾಯಿಯ ಗುರುತು ಹಾಕಿದ್ದರು. ಮಗಳು ಅದನ್ನು ಎಲ್ಲರಿಗೂ ತೋರಿಸಿ, ಕೊನೆಗೆ ಅಕ್ಕನ ಮುಂಗೈ ಹಿಡಿದುಕೊಂಡಳು. ಬಿಳಿ ಅಷ್ಟಿಷ್ಟು ಬಣ್ಣ ಕಟ್ಟಿತ್ತು, ಕುಳಿಗಳು ಹೋಗಿರಲಿಲ್ಲ.

"ದೊಡ್ಡಮ್ಮಾ, ನಿಂಗೂ ಹಾಕಿದ್ರಾ?"

"ಊಂ ಕಣವ್ವ."

"ನಂದು ಹೋಗುತ್ತಂತೆ. ನಿಂದ್ಯಾಕೆ ಹೋಗಿಲ್ಲ?"

ಅಮ್ಮ ಅಲ್ಲೇ ಮೊರದಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಅವಳ ಕೈ ನಿಂತಿತು.

"ಅದ್ರ ಪಾಡ್ಗೆ ಬುಟ್ಟಿದ್ರೆ ಓಯ್ತಿತ್ತೇನೋ ಕಣವ್ವ," ಎಂದಳು ಅಕ್ಕ. "ನಮ್ಮವ್ವ ಉಜ್ಜುದ್ಲು."