ಅಪ್ಪ ಸತ್ತ ದಿನದ ಮೂರು ಕ್ಯಾಚು

ಸನ್ಮಾನ ಎಂದರೆ ನನಗೆ ಮೊದಲಿನಿಂದಲೂ ಆಗದು. ಶಾಲು ಹೊದಿಸಿ, ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು ಫೋಟೋಕ್ಕೆ ನಿಲ್ಲಿಸುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೂ ಕಿಬ್ಬನಹಳ್ಳಿಯವರು ಕರೆಯಲು ಬಂದಾಗ ಒಪ್ಪಿಕೊಂಡೆ. ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಮೇಜರ್ ಸಾಹೇಬ್ರೇ ಎಂದು ಕರೆಯುವವರು ಕಡಿಮೆಯಾಗುತ್ತಿದ್ದರು. ಅದೂ ಒಂದು ಕಾರಣ, ಸುಳ್ಳೇಕೆ ಹೇಳಲಿ.

ಸುಳ್ಳಿನ ಮಾತು ಬಂದಿದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನಾನು ಅಧಿಕಾರಿಯಾಗಿದ್ದುದು ನಿಜ, ಆದರೆ ಸೇನೆಯಲ್ಲಿ ನನ್ನನ್ನು ಸಾಕಿದ್ದು ಕ್ರಿಕೆಟ್ಟು. ಸ್ಲಿಪ್ಪಿನಲ್ಲಿ ನಿಂತರೆ ಚೆಂಡು ನನ್ನ ಕೈ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಆ ಕೈ ಬಂದಿದ್ದು ನಮ್ಮನೆಯ ಕೊಬ್ಬರಿ ಅಟ್ಟದಿಂದ. ಸುಲಿಯದ ತೆಂಗಿನಕಾಯಿಗಳನ್ನು ಅಟ್ಟಕ್ಕೆ ತುಂಬುವಾಗ ಅಂಗಳದಿಂದ ಏಣಿಯವರೆಗೆ ಸಾಲಾಗಿ ನಿಂತು ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದೆವು. ಬಿದ್ದ ಕಾಯಿ ಒಳಗೇ ಬಿರುಕು ಬಿಟ್ಟಿದ್ದರೆ ಕೊಬ್ಬರಿಯಾಗುವುದಿಲ್ಲ, ಅಟ್ಟದಲ್ಲೇ ಕೊಳೆಯುತ್ತದೆ. ಹಾಗಾಗಿ ಬಿದ್ದ ಕಾಯಿ ಅಡುಗೆಮನೆಗೆ, ಬೀಳಿಸಿದವನಿಗೆ ಅಪ್ಪನ ಬೈಗುಳ. ಅಣ್ಣ ಬೇಕೆಂದೇ ನನ್ನ ಮೊಣಕಾಲಿನ ಮಟ್ಟಕ್ಕೆ ಎಸೆಯುತ್ತಿದ್ದ. ಅವನ ಮೇಲಿನ ಹಟಕ್ಕೇ ನಾನು ಹಿಡಿಯುವುದನ್ನು ಕಲಿತೆ.

ಜೊತೆಯವರಿಗೆ ಹಿಮದ ಕಾವಲು ಬಂದಾಗಲೆಲ್ಲ ನನಗೆ ಟೂರ್ನಮೆಂಟು ಬರುತ್ತಿತ್ತು. ಅಂಥ ಒಂದು ಟೂರ್ನಮೆಂಟಿನ ಫೈನಲ್ಲಿಗೆ ಒಂದು ದಿನ ಮುಂಚೆ ಅಣ್ಣನ ಫೋನು ಬಂತು. ಅಪ್ಪ ತಿಪಟೂರಿನ ಆಸ್ಪತ್ರೆಯಲ್ಲಿದ್ದರು.

"ಅಪ್ಪ ನಿನ್ನೇ ಕೇಳ್ತಾವ್ರೆ ಕಣ್ಲಾ. ಇವತ್ತೇ ಹೊರಡು."

ಕೇಳಿದ್ದರೆ ಆ ಗಳಿಗೆಯೇ ರಜೆ ಸಿಗುತ್ತಿತ್ತು. ನಾನು ಕೇಳಲೇ ಇಲ್ಲ.

"ಬಾರ್ಡರ್‌ನಲ್ಲಿದ್ದೀನಿ ಅಣ್ಣ, ರಜಾ ಕೊಡ್ತಿಲ್ಲ" ಎಂದೆ.

ಮಾರನೇ ದಿನ ಮೂರು ಕ್ಯಾಚು ಹಿಡಿದೆ, ಕಪ್ಪು ಗೆದ್ದೆವು. ಅಪ್ಪ ತೀರಿಕೊಂಡಿದ್ದು ಅದೇ ಮಧ್ಯಾಹ್ನ. ಅವರನ್ನು ತೋಟದಲ್ಲಿ ಮಣ್ಣು ಮಾಡಿಯಾದ ಮೇಲೆ, ಹಾಲು-ತುಪ್ಪ ಬಿಡುವ ದಿನಕ್ಕೆ ನಾನು ಊರು ಮುಟ್ಟಿದೆ. ನೆಂಟರು ಬೈಯುತ್ತಾರೆ ಎಂದುಕೊಂಡಿದ್ದೆ. "ದೇಶ ಕಾಯೋನಿಗೆ ಮನೆ ಎಲ್ಲೈತಪ್ಪ" ಎಂದು ಹೊಗಳಿದರು. ಆ ಹೊಗಳಿಕೆಯನ್ನು ಹದಿನೈದು ವರ್ಷ ನಾಚಿಕೆಯಿಲ್ಲದೆ ತಿಂದೆ.

ಈ ಸನ್ಮಾನಕ್ಕೆ ಫ್ಲೆಕ್ಸ್ ಮಾಡಿಸುವವರು ಹಳೇ ಫೋಟೋ ಕೇಳಿಕೊಂಡು ಬಂದ ದಿನ ನಾನು ತುಮಕೂರಿಗೆ ಹೋಗಿದ್ದೆ. ಅಣ್ಣನೇ ನನ್ನ ಟ್ರಂಕು ತೆಗೆದು ಯೂನಿಫಾರ್ಮಿನ ಫೋಟೋ ಹುಡುಕಿ ಕೊಟ್ಟು ಕಳಿಸಿದ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಆ ವಾರವೇ ಅಟ್ಟಕ್ಕೆ ಕಾಯಿ ತುಂಬುವ ಕೆಲಸವಿತ್ತು. ನಾನು ಎಂದಿನಂತೆ ಏಣಿಯ ಬುಡದಲ್ಲಿ ನಿಂತರೆ, ಕೂಲಿಯವನೊಬ್ಬನನ್ನು ಕರೆದು ನನ್ನ ಜಾಗದಲ್ಲಿ ನಿಲ್ಲಿಸಿದ.

"ನೀನು ಒಳಗೆ ಕೂತ್ಕೋ ಬುಡು" ಎಂದ, ಮುಖ ನೋಡದೆ.

ಹೊಟ್ಟೆಕಿಚ್ಚು ಎಂದುಕೊಂಡೆ. ಹುಟ್ಟಿದಾಗಿನಿಂದ ತೋಟದಲ್ಲೇ ದುಡಿದವನಿಗೆ ಒಂದು ಮೊಳ ಹೂವಿಲ್ಲ, ಹೊರಗಿದ್ದು ಬಂದವನಿಗೆ ಮೈಸೂರು ಪೇಟ. ಉರಿದುಕೊಳ್ಳಲಿ ಎಂದು ಒಳಗೊಳಗೇ ಖುಷಿಯೂ ಪಟ್ಟೆ. ಕಾರ್ಯಕ್ರಮದ ದಿನ ಬೆಳಿಗ್ಗೆ ಮೆಡಲು ತೆಗೆಯಲು ಟ್ರಂಕಿನ ಮುಚ್ಚಳ ಎತ್ತಿದಾಗ ಗೊತ್ತಾಯಿತು. ಕಪ್ಪು ಹಿಡಿದು ನಿಂತ ನಮ್ಮ ತಂಡದ ಫೋಟೋ ಎಲ್ಲಕ್ಕಿಂತ ಮೇಲಿತ್ತು. ಅದರ ಕೆಳಗೆ ಅಪ್ಪ ಸತ್ತ ದಿನದ ತಾರೀಖು ಅಚ್ಚಾಗಿತ್ತು. ನಾನು ಅದನ್ನು ಬಟ್ಟೆಯಲ್ಲಿ ಸುತ್ತಿ ತಳದಲ್ಲಿಟ್ಟಿದ್ದೆ.

ಅಣ್ಣನ ಬೈಕಿನಲ್ಲೇ ಇಬ್ಬರೂ ಕಿಬ್ಬನಹಳ್ಳಿಗೆ ಹೋದೆವು. ಚಿಕ್ಕನಾಯಕನಹಳ್ಳಿ ದಾಟುವವರೆಗೂ ಒಂದು ಮಾತಿಲ್ಲ, ದಾಟಿದ ಮೇಲೂ ಇಲ್ಲ. ಅವನ ಬೆನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದೆ. ಉಗಿಯುವುದಾದರೆ ಮನೆಯಲ್ಲೇ ಉಗಿಯಬಹುದಿತ್ತು. ಊರವರ ಮುಂದೆ ಮಾನ ಕಳೆಯಬೇಕೆಂದೇ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಾನೆ, ಹಾಗಂದುಕೊಂಡೆ. ನಾನವನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಶಾಲು, ಪೇಟ, ಹಾರ ಎಲ್ಲ ಆದ ಮೇಲೆ ನಿರೂಪಕ ಅಣ್ಣನನ್ನು ವೇದಿಕೆಗೆ ಕರೆದ. ತಮ್ಮನ ಬಗ್ಗೆ ಎರಡು ಮಾತಾಡಬೇಕಂತೆ. ಅಣ್ಣ ಪಂಚೆ ಸರಿಮಾಡಿಕೊಂಡು ಮೈಕು ಹಿಡಿದ. ಪೇಟದೊಳಗೆ ನನ್ನ ತಲೆ ಬೆವೆತು ಕಿವಿಯ ಪಕ್ಕ ಇಳಿಯುತ್ತಿತ್ತು. ಇದ್ದಕ್ಕಿದ್ದಂತೆ ಕರೆಂಟು ಹೋಗಲಿ ಎಂದು ದೇವರನ್ನು ಬೇಡಿದೆ.

"ನಮ್ಮಪ್ಪ ಸಾಯೋವಾಗ ಇವನು ಬಾರ್ಡರ್‌ನಲ್ಲಿದ್ದ. ಬರೋಕಾಗ್ಲಿಲ್ಲ" ಎಂದ. ಅಷ್ಟೇ ಹೇಳಿ ಮೈಕು ವಾಪಸು ಕೊಟ್ಟ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಉಳಿದುಕೊಂಡೆ ಎಂದು ಸಮಾಧಾನವಾಗಬೇಕಿತ್ತು. ನನಗೆ ಬಂದಿದ್ದು ಸಿಟ್ಟು. ಇನ್ನು ಸಾಯುವವರೆಗೂ ಇವನ ಋಣದಲ್ಲಿರಬೇಕಲ್ಲ ಎಂಬ ಸಿಟ್ಟು. ಕಾರ್ಯಕ್ರಮ ಮುಗಿದ ಮೇಲೆ ಬೈಕಿನ ಹತ್ತಿರ ಅವನನ್ನು ತಡೆದೆ.

"ಗೊತ್ತಿದ್ದೂ ಯಾಕೆ ಹಂಗಂದೆ? ನನ್ ಮರ್ಯಾದೆ ಉಳಿಸು ಅಂತ ನಿನ್ನ ಕೇಳಿದ್ನಾ?"

"ನಿನ್ ಮರ್ಯಾದೆಗೆ ಬೆಂಕಿ ಬೀಳ" ಎಂದ ಅಣ್ಣ. ದನಿ ಏರಿಸಲಿಲ್ಲ. "ಆಸ್ಪತ್ರೇಲಿ ಅಪ್ಪ ಪಕ್ಕದ ಮಂಚದೋರಿಗೆ, ಡಾಕ್ಟ್ರಿಗೆ, ಕಸ ಗುಡಿಸೋಳಿಗೆ, ಎಲ್ರಿಗೂ ಹೇಳ್ಕಂಡ್ರು ಕಣ್ಲಾ. ನನ್ ಮಗ ಬಾರ್ಡರ್‌ನಲ್ಲವ್ನೆ, ಅದಕ್ಕೇ ಬಂದಿಲ್ಲ ಅಂತ. ಉಸಿರು ನಿಲ್ಲೋಗಂಟ ಅದೇ ಮಾತು. ಈಗ ನಾನು ಬಾಯಿ ಬುಟ್ರೆ ಸುಳ್ಳುಗಾರ ಆಗೋದು ಅಪ್ಪ."

ಅವನು ಬೈಕು ಹತ್ತಿ ಕಿಕ್ ಹೊಡೆದ. ನಾನು ಹಿಂದೆ ಕೂರಲು ಹೋದಾಗ ಕೈ ಅಡ್ಡ ಹಿಡಿದ.

"ನೀನು ಬಸ್ಸಿಗೆ ಬಾ."

ಹುಳಿಯಾರು ಬಸ್ಸು ತುಂಬಿತ್ತು. ನನ್ನ ಪೇಟ, ಶಾಲು, ಎದೆಯ ಮೇಲಿನ ಮೆಡಲು ನೋಡಿದ ಕಂಡಕ್ಟರ್ ಮುಂದಿನ ಸೀಟಿನಲ್ಲಿದ್ದ ಮುದುಕರೊಬ್ಬರ ಭುಜ ತಟ್ಟಿದ.

"ಸ್ವಲ್ಪ ಜಾಗ ಬುಡು ಕಣಜ್ಜ. ದೇಶ ಕಾಯ್ದೋರು."

ಮುದುಕರು ಕಂಬಿ ಹಿಡಿದು ಕಷ್ಟಪಟ್ಟು ಎದ್ದು ನಿಂತರು. ನಿಂತು ನನಗೆ ಕೈ ಮುಗಿದರು. ನಾನು ಕೂತೆ.