ಮೊದಲು ಯಾರು ಮಾತಾಡಬೇಕು

ಈಗಲೂ ನೆನೆದರೆ ಮೈ ಉರಿಯುತ್ತದೆ. ಮತ್ತಿಕೆರೆ ಆಗಿನ್ನೂ ಹಳ್ಳಿ. ನಮಗೂ ಪಕ್ಕದ ಮನೆಯವರಿಗೂ ನಡುವೆ ಒಂದೇ ಮಣ್ಣಿನ ಗೋಡೆ, ಅದೂ ಹೆಂಚಿನವರೆಗೆ ಮುಟ್ಟಿರಲಿಲ್ಲ. ಆ ಮನೆಯ ಅಜ್ಜಿ ದಿನಾ ಸಂಜೆ ನನಗೆ ಕತೆ ಹೇಳುತ್ತಿದ್ದರು. ನಾನು ಹ್ಞೂಂಗುಟ್ಟದಿದ್ದರೆ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಬಚ್ಚಲ ನೀರು ಯಾರ ಅಂಗಳಕ್ಕೆ ಹರಿಯಬೇಕು ಅಂತ ನಮ್ಮಪ್ಪನಿಗೂ ಅಜ್ಜಿಯ ಮಗನಿಗೂ ಜಗಳವಾಯಿತು. ಎರಡು ಮನೆಯವರೂ ಮಾತು ಬಿಟ್ಟರು. ಆ ಹೊಸ್ತಿಲು ತುಳಿದರೆ ನನ್ನ ಕಾಲು ಮುರಿಯುವುದಾಗಿ ಅಪ್ಪ ಹೇಳಿದರು. ಬಚ್ಚಲ ನೀರಿಗೆ ಇಷ್ಟು ರೋಷ!

ಅಜ್ಜಿ ಕತೆ ನಿಲ್ಲಿಸಲಿಲ್ಲ. ಗೋಡೆಯ ಆ ಕಡೆ ಕೂತು ಹೇಳತೊಡಗಿದರು. ಈ ಕಡೆ ನಾನು ರಾಗಿ ತುಂಬುವ ವಾಡೆಯ ಹಿಂದೆ ಅಡಗಿ, ನಮ್ಮವರಿಗೆ ಗೊತ್ತಾಗದ ಹಾಗೆ ಗೋಡೆಯನ್ನು ಮೆಲ್ಲಗೆ ತಟ್ಟುತ್ತಿದ್ದೆ. ಅದೇ ನನ್ನ ಹ್ಞೂಂ. ಅವರ ಸೊಸೆಗೆ ಕಂಡದ್ದು ಮಾತ್ರ ಗೋಡೆಗೆ ಕಿವಿಯಿಟ್ಟು ಒಬ್ಬಳೇ ಮಾತಾಡುವ ಮುದುಕಿ.

"ಅತ್ತೆಗೆ ಗಾಳಿ ಮೆಟ್ಕೊಂಡೈತೆ," ಎಂದು ಬೀದಿಗೆಲ್ಲ ಸಾರಿದಳು. ಮಂತ್ರವಾದಿಯೊಬ್ಬ ಬಂದು ಬೇವಿನ ಬರಲಿನಿಂದ ಅಜ್ಜಿಗೆ ಹೊಡೆಯತೊಡಗಿದ. ನಿಜ ಹೇಳಿದರೆ ನನಗೆ ಏಟು ಬೀಳುತ್ತದೆಂದು ಅಜ್ಜಿ ಬಾಯಿ ಬಿಡಲಿಲ್ಲ.

ನಾನೇ ಅವರ ಬಾಗಿಲಿಗೆ ಓಡಿ ಕಿರುಚಿದೆ. "ಅಜ್ಜಿ ಕತೆ ಏಳ್ತಿದ್ದದ್ದು ನಂಗೆ! ಒಡೀಬ್ಯಾಡ್ರಿ!"

"ನಿಮ್ಮಪ್ಪ ಬಂದು ಏಳ್ಲಿ, ಆಗ ನಂಬ್ತೀನಿ," ಅಂದ ಅಜ್ಜಿಯ ಮಗ.

ಮನೆಗೆ ಓಡಿಬಂದು, ಎಲ್ಲವನ್ನೂ ಹೇಳಿ ಅಪ್ಪನ ಕಾಲು ಹಿಡಿದೆ. ಅವರದೊಂದು ಮಾತು ಸಾಕಿತ್ತು.

"ನಾನ್ಯಾಕೆ ಮೊದ್ಲು ಮಾತಾಡ್ಲಿ? ಬೇಕಿದ್ರೆ ಅವನೇ ಬರ್ಲಿ," ಎಂದು ಬೀಡಿ ಹಚ್ಚಿಕೊಂಡರು. ಮತ್ತೆ ಕೇಳಿದ್ದಕ್ಕೆ ನನ್ನ ಕೆನ್ನೆಗೂ ಒಂದು ಬಿತ್ತು. ಗೋಡೆಯ ಮೇಲಿಂದ ಏಟಿನ ಸದ್ದು ಬರುತ್ತಲೇ ಇತ್ತು.

ಮಾರನೆಯ ದಿನ ಅಜ್ಜಿಯನ್ನು ಎತ್ತಿನ ಗಾಡಿಯಲ್ಲಿ ಮಾಕಳಿಯಲ್ಲಿದ್ದ ಮಗಳ ಮನೆಗೆ ಸಾಗಿಸಿದರು. ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ಅಲ್ಲೇ ತೀರಿಹೋದರು.

ಮುಂದಿನ ಯುಗಾದಿಗೆ ಊರ ಹಿರಿಯರು ಈ ಇಬ್ಬರು ಗಂಡಸರನ್ನೂ ರಾಜಿ ಮಾಡಿಸಿದರು. ನಮ್ಮ ಜಗಲಿಯ ಮೇಲೆ ಕೂತು, ಎಲೆಅಡಿಕೆ ಜಗಿಯುತ್ತ ಹಲ್ಲು ಕಿರಿಯುತ್ತಿದ್ದರು. ಕಾಫಿ ತರುವಂತೆ ಅಪ್ಪ ನನ್ನನ್ನು ಕೂಗಿದರು. ಎರಡೂ ಲೋಟ ತಂದು ಅವರ ಕಣ್ಣೆದುರೇ ಅಂಗಳಕ್ಕೆ ಚೆಲ್ಲಿದೆ.

"ಇವತ್ತು ಬಾಯಿ ಬಂತಾ ನಿಮಗೆ?"

ಅಪ್ಪ ಎದ್ದು ನಿಂತರು. ಹೊಡೆಯಲಿಲ್ಲ. ಅಂದರೆ, ಅವತ್ತು ತಮ್ಮ ಒಂದು ಮಾತಿನಿಂದ ಅಜ್ಜಿಗೆ ಬೀಳುವ ಏಟು ನಿಲ್ಲುತ್ತಿತ್ತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರನ್ನು ನಾನಿನ್ನೂ ಕ್ಷಮಿಸಿಲ್ಲ.