ಸೋರೆಕಾಯಿ ತಾತ
ಬೆಳಗಾದರೆ ಸಾಕು, ತರಕಾರಿ ಅಂಗಡಿಯ ಮುಂದೆ ಸೋರೆಕಾಯಿ ತಾತ ಹಾಜರು. ಯಾರೇ ಸೋರೆಕಾಯಿ ಆರಿಸಲಿ, ಜೇಬಿನಿಂದ ಚಾಕು ತೆಗೆದು, ತುದಿಯ ಚೂರೊಂದನ್ನು ಕತ್ತರಿಸಿ, ಕಣ್ಣು ಮುಚ್ಚಿ ಜಗಿದು, "ಸಪ್ಪಗಿದೆ, ತಗೋಮ್ಮ" ಎಂದಮೇಲೇ ಅದು ಚೀಲಕ್ಕಿಳಿಯಬೇಕು. ಕಹಿಯೆನಿಸಿದರೆ ಥೂ ಎಂದು ಉಗಿದು ಕಾಯನ್ನೇ ತುಳಿದುಹಾಕುತ್ತಾನೆ. "ತಾನಂತೂ ಕೊಳ್ಳಲ್ಲ, ಕೊಳ್ಳೋರನ್ನೂ ಬಿಡಲ್ಲ" ಎಂದು ಅಂಗಡಿಯಾಕೆ ಗೊಣಗುತ್ತಾಳೆ. ಹಿಂದೆ ಸೋರೆಕಾಯಿ ರಸದ ಮಹಿಮೆಯನ್ನು ಬೀದಿಗೆಲ್ಲ ಸಾರಿದವನೂ ಇವನೇ. ಒಂದು ಬೆಳಿಗ್ಗೆ ಹೆಂಡತಿ ಒಂದು ಗುಟುಕು ಕುಡಿದು, "ಇವತ್ತು ಯಾಕೋ ವಿಪರೀತ ಕಹಿ ರೀ" ಎಂದಳು. "ಗಿಡದಲ್ಲಿ ಬೆಳೆದದ್ದು ಏನ್ಮಾಡುತ್ತೆ? ಮೂಗು ಮುಚ್ಕೊಂಡು ಕುಡಿ" ಎಂದ. ಮಾರನೆಯ ದಿನ ಆಸ್ಪತ್ರೆಯಲ್ಲಿ ರಕ್ತ ಕಾರಿಕೊಂಡು ಕಣ್ಣು ಮುಚ್ಚುವ ಮುಂಚೆ ಅವಳು ಅವನಿಗೆ ಹೇಳಿದ್ದು ಇಷ್ಟೇ: "ಒಂದು ತೊಟ್ಟೂ ಬಿಟ್ಟಿಲ್ಲ ರೀ."